ಗ್ಯಾರೇಜಿನ ಕೂಲಿ: ಅಳಿಯನಿಗೆ ಕೆಲವು ಕಿವಿಮಾತು

ನಿನ್ನೆ ರಾತ್ರಿ ಫೋನಿನಲ್ಲಿ ನೀನು ರೇಗಾಡಿದ್ದು ಇನ್ನೂ ಕಿವಿಯಲ್ಲಿದೆ. "ಮಾವ, ಕ್ಲಚ್ ಹಾಕೋಕೆ ಲೇಬರ್ರೇ 3,000 ಅಂತಾನೆ. ಹಗಲು ದರೋಡೆ!" ಎಸ್ಟಿಮೇಟ್ ಚೀಟಿಯ ಫೋಟೊ ಕಳಿಸು ಅಂದೆ, ಕಳಿಸಿದೆ. ಆ 3,000ಕ್ಕೆ ನನ್ನ ತಕರಾರಿಲ್ಲ. ಅದರ ಕೆಳಗೆ 'ಏರ್ ಫಿಲ್ಟರ್ ಲೇಬರ್ 250' ಅಂತ ಒಂದು ಸಾಲಿದೆಯಲ್ಲ, ಅದರ ಮೇಲೆ ನಿನ್ನ ಕಣ್ಣೇ ಬಿದ್ದಿಲ್ಲ. ಚಿಕ್ಕಮಗಳೂರಿನಲ್ಲಿ ಮೂವತ್ತೆರಡು ವರ್ಷ ಗ್ಯಾರೇಜು ನಡೆಸಿದವನು ನಾನು. ಬಿಲ್ಲು ಕಟ್ಟುವವನಿಗೆ ಬಿಲ್ಲು ಬರೆದವನು ಹೇಳುವ ಮಾತು ಇದು.

• ರೂಪಾಯಿ ಕೇಳುವ ಮುಂಚೆ ಹೊತ್ತು ಕೇಳು. "ಎಷ್ಟು ಗಂಟೆ ಕೆಲಸ? ಏನೇನು ಬಿಚ್ಚಬೇಕು?" ಇವೆರಡೇ ಪ್ರಶ್ನೆ. ನಿನ್ನ ಕಾರಿನಲ್ಲಿ ಕ್ಲಚ್ ಪ್ಲೇಟ್ ಕಣ್ಣಿಗೆ ಕಾಣಬೇಕಾದರೆ ಬ್ಯಾಟರಿ ತೆಗೆಯಬೇಕು, ಗೇರ್ ಆಯಿಲ್ ಇಳಿಸಬೇಕು, ಎರಡೂ ಕಡೆ ಡ್ರೈವ್ ಶಾಫ್ಟ್ ಎಳೆಯಬೇಕು, ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಒಬ್ಬ ಮೇಸ್ತ್ರಿ, ಒಬ್ಬ ಹುಡುಗ, ನಾಲ್ಕೈದು ಗಂಟೆ. ಶೆಡ್ಡಿನ ಬಾಡಿಗೆ, ಪಾನಾ, ಜಾಕು, ಹುಡುಗನ ಸಂಬಳ ಎಲ್ಲವೂ ಆ 3,000ದಲ್ಲೇ ಹೊರಡಬೇಕು. ಏರ್ ಫಿಲ್ಟರ್‌ಗೆ? ನಾಲ್ಕು ಕ್ಲಿಪ್ಪು, ಐದು ನಿಮಿಷ. ನೀನೇ ಮಾಡಬಹುದು.

• ಕೂಲಿ ಹೋಗಬೇಕಾದ್ದು ಕೆಲಸದ ಹಿಂದೆ, ಸಾಮಾನಿನ ಬೆಲೆಯ ಹಿಂದಲ್ಲ. 2,000ದ ಹೆಡ್‌ಲೈಟ್ ಕೂರಿಸಲೂ 12,000ದ ಹೆಡ್‌ಲೈಟ್ ಕೂರಿಸಲೂ ಬಿಚ್ಚುವುದು ಅದೇ ಬಂಪರ್ ಆದರೆ, ಕೂಲಿಯೂ ಅದೇ. "ಸಾಮಾನಿನ ಮೇಲೆ ಇಷ್ಟು ಪರ್ಸೆಂಟ್ ಲೇಬರ್" ಅಂದರೆ ಅವನು ಅಳೆಯುತ್ತಿರುವುದು ಕೆಲಸವನ್ನಲ್ಲ, ನಿನ್ನ ಜೇಬನ್ನು.

• ಒಂದು ಸಲ ಬಿಚ್ಚಿದ್ದಕ್ಕೆ ಎರಡು ಸಲ ಕೂಲಿ ಬೇಡ. ಗೇರ್‌ಬಾಕ್ಸ್ ಇಳಿದಾಗ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದ್ದರೆ ಆಗಲೇ ಬದಲಾಯಿಸಿಬಿಡು. ಸೀಲು ಅಗ್ಗ, ಅಲ್ಲಿಗೆ ಹೋಗುವ ದಾರಿಯೇ ದುಬಾರಿ. ಆದರೆ ಆ ಸೀಲಿಗೆ ಇನ್ನೊಂದು ಪೂರ್ತಿ ಲೇಬರ್ ಬರೆದಿದ್ದರೆ ಕೇಳು. ಟೈಮಿಂಗ್ ಬೆಲ್ಟಿನಿಂದಲೇ ವಾಟರ್ ಪಂಪ್ ಓಡುವ ಎಂಜಿನ್‌ಗಳಲ್ಲಿ ಬೆಲ್ಟೂ ಪಂಪೂ ಒಟ್ಟಿಗೆ ಹಾಕುವುದು ಇದೇ ಕಾರಣಕ್ಕೆ.

• ದೋಷ ಹುಡುಕುವುದೂ ಕೆಲಸವೇ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಇಲಿಗಳು ಬಾನೆಟ್ ಒಳಗೆ ಸಂಸಾರ ಹೂಡುತ್ತವೆ. ಕಡಿದ ವೈರು ಸೇರಿಸಲು ಹತ್ತು ನಿಮಿಷ ಸಾಕು, ಯಾವ ವೈರು ಎಂದು ಹುಡುಕಲು ಅರ್ಧ ದಿನ ಹಿಡಿದದ್ದುಂಟು. "ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಅಂತ ಗಿರಾಕಿ ಮುಖ ಸಿಂಡರಿಸಿದಾಗ ಹೊಟ್ಟೆ ಉರಿಯುತ್ತಿತ್ತು. ನೀನು ಹಾಗೆ ಅನ್ನಬೇಡ. ಬರೀ ಹುಡುಕಲು ಎಷ್ಟು ಎಂದು ಮೊದಲೇ ಮಾತಾಡಿಕೊ.

• ಜೇಬು ಕತ್ತರಿಸುವುದು ಹೆಚ್ಚಾಗಿ ದೊಡ್ಡ ಕೆಲಸವಲ್ಲ, ಬೇಡದ ಕೆಲಸ. ಎಂಜಿನ್ ಫ್ಲಶಿಂಗ್, ಟೆಫ್ಲಾನ್ ಕೋಟಿಂಗ್, ಎಸಿ ಶುದ್ಧಿ ಅಂತ ಪಟ್ಟಿ ಬೆಳೆದರೆ "ಕಾರಿನ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಇದನ್ನು ಹೇಳಿದೆಯಾ?" ಎಂದು ಕೇಳು. ಎಸಿ ಗ್ಯಾಸ್ ವರ್ಷವರ್ಷ ತುಂಬಿಸು ಅನ್ನುವವನಿಗೆ "ಲೀಕ್ ಎಲ್ಲಿದೆ ತೋರಿಸಪ್ಪ" ಅನ್ನು. ಗ್ಯಾಸು ಉರಿದು ಖಾಲಿಯಾಗುವ ಪೆಟ್ರೋಲಲ್ಲ. ಬೇಗಬೇಗ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ.

• ಕಂಪನಿ ಸರ್ವಿಸ್ ಸೆಂಟರಿನಲ್ಲಿ 'ಫ್ರೀ ಸರ್ವಿಸ್' ಅಂದರೆ ಸಾಮಾನ್ಯವಾಗಿ ಲೇಬರ್ ಮಾತ್ರ ಫ್ರೀ. ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಲೇಬೇಕು. ಅಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ಹೊತ್ತು ಎಂದು ಮೊದಲೇ ನಿಗದಿಯಾಗಿರುತ್ತದೆ, ಗಂಟೆಗೆ ಇಷ್ಟು ಎಂಬ ದರವೂ ಇರುತ್ತದೆ. ರಸ್ತೆಬದಿಯ ಗ್ಯಾರೇಜಿಗಿಂತ ಹೆಚ್ಚಿದ್ದ ಮಾತ್ರಕ್ಕೆ ಮೋಸವಲ್ಲ. ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಸಾಲುಸಾಲಾಗಿ ಓದು.

• ಸಾಮಾನು ನೀನೇ ತಂದರೆ ಕೂಲಿ ಸ್ವಲ್ಪ ಏರುತ್ತದೆ, ಬೇಜಾರಾಗಬೇಡ. ನೀನು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸುತ್ತಿ ಅಗ್ಗಕ್ಕೆ ಕ್ಲಚ್ ಸೆಟ್ ತಂದುಕೊಟ್ಟರೆ ಮೆಕ್ಯಾನಿಕ್‌ಗೆ ಸಾಮಾನಿನಲ್ಲಿ ಸಿಗುವ ಲಾಭ ತಪ್ಪುತ್ತದೆ. ನಾಳೆ ಅದು ಕೆಟ್ಟರೆ ಜವಾಬ್ದಾರಿಯೂ ಅವನದಲ್ಲ. ಅವನೇ ತಂದರೆ ಡಬ್ಬಿಯ ಮೇಲಿನ ಎಂಆರ್‌ಪಿ ನೋಡು, ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಡಿಕ್ಕಿಗೆ ಹಾಕಿಸಿಕೊ. ಹಳೇದು ಕೇಳುವ ಗಿರಾಕಿಗೆ ಹಾಕದೇ ಇದ್ದದ್ದನ್ನು ಹಾಕಿದೆ ಅನ್ನಲು ಯಾರಿಗೂ ಧೈರ್ಯ ಬರುವುದಿಲ್ಲ.

• ಮೂರು ಕಡೆ ವಿಚಾರಿಸು, ಆದರೆ ಒಂದೇ ಕೆಲಸವನ್ನು ವಿಚಾರಿಸು. ಒಬ್ಬ ಬರೀ ಪ್ಲೇಟಿಗೆ ಹೇಳಿರುತ್ತಾನೆ. ಇನ್ನೊಬ್ಬ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರಕ್ಕೂ ಹೇಳಿರುತ್ತಾನೆ. ಬ್ರೇಕ್ ಪ್ಯಾಡಿನ ಕೂಲಿ ಒಂದು ಚಕ್ರಕ್ಕೋ ಎರಡಕ್ಕೋ ಕೇಳು. ಎಲ್ಲರಿಗಿಂತ ಅರ್ಧ ಹೇಳಿದವನ ಹತ್ತಿರ "ಏನು ಬಿಟ್ಟಿದ್ದೀಯ?" ಅಂತಲೇ ಕೇಳಬೇಕು.

• ತೆರಿಗೆಯ ಸಾಲು ನೋಡು. ರಿಪೇರಿ ಕೂಲಿಗೆ ಜಿಎಸ್‌ಟಿ 18%. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೂ 28% ಹೋಗಿ 18% ಆಗಿದೆ. ತೆರಿಗೆ ಹಾಕಿದವನ ಬಿಲ್ಲಿನಲ್ಲಿ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರು. ನೋಂದಣಿಯೇ ಇಲ್ಲದ ಸಣ್ಣ ಗ್ಯಾರೇಜು ತೆರಿಗೆ ವಸೂಲಿ ಮಾಡುವಂತಿಲ್ಲ.

• ಬಿಲ್ಲು ಬಿಡಬೇಡ. ಕೆಲಸ ಮಾಡಿ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ತೀರಾ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಅದಕ್ಕಿಂತ ಮೊದಲು "ತಿಂಗಳೊಳಗೆ ಇದೇ ತೊಂದರೆ ಬಂದರೆ ಮತ್ತೆ ಲೇಬರ್ ಹಾಕ್ತೀರಾ?" ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊ.

• ಚೌಕಾಸಿ ಏನಿದ್ದರೂ ಜಾಕ್ ಏರಿಸುವ ಮುಂಚೆ. ಗಾಡಿ ಸಿದ್ಧವಾಗಿ, ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತವನ ಮುಂದೆ ಒಪ್ಪಿದ ಕೂಲಿಯನ್ನು ಜಗ್ಗಾಡಬೇಡ. ಮಾತಾಡಿದ್ದಕ್ಕಿಂತ ಹೆಚ್ಚಿನ ಕೆಲಸ ಕಂಡರೆ ಫೋನ್ ಮಾಡಿ ಕೇಳಿಯೇ ಕೈಹಾಕಬೇಕು ಎಂದು ಮಾತ್ರ ಮೊದಲೇ ಹೇಳಿರು.

ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ. ಗ್ಯಾರೇಜಿನಲ್ಲಿ ಆ ಅಳತೆಗೋಲು ಗಡಿಯಾರ. ನಾಳೆ ಬೆಳಿಗ್ಗೆ ಹೋಗು, ಕ್ಲಚ್ಚಿಗೆ ಒಪ್ಪಿಕೊ, ಗೇರ್‌ಬಾಕ್ಸ್ ಇಳಿದಾಗ ಒಮ್ಮೆ ನಿಂತು ನೋಡು. ಆ 250ರ ಸಾಲಿನ ಮೇಲೆ ಬೆರಳಿಟ್ಟು ನಗುತ್ತಾ ಕೇಳು: "ಅಣ್ಣಾ, ಇದು ಎಷ್ಟು ಹೊತ್ತಿನ ಕೆಲಸ?" ಅವನೂ ನಕ್ಕು ಅದನ್ನು ಹೊಡೆದುಹಾಕಿದರೆ, ನಿನಗೊಬ್ಬ ಕಾಯಂ ಮೆಕ್ಯಾನಿಕ್ ಸಿಕ್ಕ ಅಂದುಕೊ.