ಮೆಣಸು ಯಾವ ದೇಶದ್ದು?

ಕೊಡಗಿನ ಕಾಫಿ ತೋಟಗಳಲ್ಲಿ ಕಾಳುಮೆಣಸು ಆಪತ್ಕಾಲದ ಬೆಳೆ. ಕಾಫಿಗೆ ಬೆಲೆ ಬಿದ್ದ ವರ್ಷ ಕೂಲಿ, ಗೊಬ್ಬರ, ಬ್ಯಾಂಕಿನ ಕಂತು ಎಲ್ಲವನ್ನೂ ಅದೇ ತೂಗಿಸುತ್ತದೆ. ಕಿಲೋಗೆ 700 ರೂಪಾಯಿಯ ಆಸುಪಾಸು ಕಂಡಿದ್ದ ಮೆಣಸು 2017ರಲ್ಲಿ ಜಾರತೊಡಗಿತು. ಮಳೆ, ಸೊರಗು ರೋಗ ಎಂದಷ್ಟೇ ಮಾತಾಡುತ್ತಿದ್ದ ನಮ್ಮ ಬೆಳೆಗಾರರ ಸಭೆಗಳಿಗೆ ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ), ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಎಂಬ ಹೆಸರುಗಳು ಬಂದದ್ದು ಆಗಲೇ. ಅಂದು ಕಲಿತದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಮೊದಲನೆಯದು, ಒಂದು ಒಪ್ಪಂದದ ಸುಂಕವನ್ನಷ್ಟೇ ನೋಡಿದರೆ ಏನೂ ತಿಳಿಯದು. ಎರಡು ಒಪ್ಪಂದಗಳ ನಡುವಿನ ಅಂತರ ನೋಡಬೇಕು. 2010ರಲ್ಲಿ ಜಾರಿಯಾದ ಆಸಿಯಾನ್ ಒಪ್ಪಂದದಲ್ಲಿ ಭಾರತ ಮೆಣಸನ್ನು ವಿಶೇಷ ಪಟ್ಟಿಯಲ್ಲಿಟ್ಟು ಕಾಪಾಡಿಕೊಂಡಿತ್ತು. ಹಾಗಾಗಿ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಆಗ ಶೇ. 50ಕ್ಕೂ ಮೇಲೆ ಸುಂಕವಿತ್ತು. ಶ್ರೀಲಂಕಾದೊಂದಿಗಿನ ಒಪ್ಪಂದ 2000ದಿಂದಲೇ ಜಾರಿಯಲ್ಲಿದೆ. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದರಾಚೆಗೆ ಸಾಫ್ಟಾ ಅಡಿ ಶೇ. 8 ಮಾತ್ರ. ಇಷ್ಟು ಅಂತರವಿದ್ದರೆ ವಿಯೆಟ್ನಾಂ ಸರಕು ಲಂಕಾದ ಹೆಸರಿನಲ್ಲಿ ಕೊಲಂಬೊ ಸುತ್ತಿ ಬಂದರೂ ಲಾಭವೇ.

ಎರಡನೆಯದು, ನೆರೆಯ ಬೆಳೆಗಾರ ನಮ್ಮ ಎದುರಾಳಿಯಲ್ಲ. ಎಣ್ಣೆಯಂಶ ಹೆಚ್ಚಿರುವ ಲಂಕಾ ಮೆಣಸು ಸಾರ ತೆಗೆಯುವ ಕೇರಳದ ಘಟಕಗಳಿಗೆ ಬೇಕು; ಆ ವ್ಯಾಪಾರದಲ್ಲಿ ತಪ್ಪೇನಿಲ್ಲ. ಬೇರೆ ದೇಶದ ಮೆಣಸು ಅವರ ಹೆಸರಿನಲ್ಲಿ ಬಂದಾಗ ಅಲ್ಲಿನ ರೈತನಿಗೂ ಪೆಟ್ಟು. ಮರುರಫ್ತಿಗಾಗಿ ಮೆಣಸು ತರಿಸುವುದನ್ನು 2019ರ ಕೊನೆಯಲ್ಲಿ ಆ ದೇಶವೇ ನಿಷೇಧಿಸಿತು.

ಮೂರನೆಯದು, ಬೆಲೆಯ ಗೋಡೆ ಕಟ್ಟುವುದು ಸುಲಭ, ಕಾಯುವುದು ಕಷ್ಟ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ನಾವೆಲ್ಲ ಖುಷಿಪಟ್ಟೆವು. ಆದರೆ ಇನ್‌ವಾಯ್ಸ್‌ನಲ್ಲಿ ಬೆಲೆ ಏರಿಸಿ ಬರೆಯಲು ಯಾರಿಗೇನು ಕಷ್ಟ? ಮುಂದೆ ಕೆಲವು ವರ್ಷ ನಮ್ಮ ಮಾರುಕಟ್ಟೆಯ ದರ 500ರ ಕೆಳಗೇ ಉಳಿಯಿತು.

2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹಿಂದೆ ಸರಿದಾಗಲೂ ಹೀಗೇ ಸಂಭ್ರಮ. ಹೊಸ ಅಪಾಯ ತಪ್ಪಿತು ನಿಜ, ಆದರೆ ಮೆಣಸು ಬರುತ್ತಿದ್ದ ದಾರಿ ಹಳೆಯ ಒಪ್ಪಂದಗಳಲ್ಲೇ ಇತ್ತು. ನಮ್ಮ ಸಮಸ್ಯೆಗೆ ಹೆಚ್ಚು ಹತ್ತಿರವಾದದ್ದು 2020ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಸ್ಟಮ್ಸ್ ನಿಯಮ. ಸರಕು ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು, ಸರಕು ಆ ದೇಶದ್ದೇ ಎಂಬುದಕ್ಕೆ ಆಮದುದಾರನೂ ಮಾಹಿತಿ ಇಟ್ಟುಕೊಂಡಿರಬೇಕು ಎಂದಿತು ಅದು.

ಈಗ ಮನವಿ ಬರೆಯುವಾಗ ‘ಒಪ್ಪಂದ ರದ್ದು ಮಾಡಿ’ ಎಂಬ ಸಾಲನ್ನು ನಾನು ಕೈಬಿಟ್ಟಿದ್ದೇನೆ. ಬಂದರಿನಲ್ಲಿ ಸರಕಿನ ಮೂಲ ಪರಿಶೀಲಿಸಿ, ಅನುಮಾನ ಬಂದರೆ ಕಳಿಸಿದ ದೇಶವನ್ನೇ ವಿಚಾರಿಸಿ ಎಂದು ಕೇಳುತ್ತೇನೆ. ಎರಡೂ ಕಡೆಯ ರೈತರು ಒಪ್ಪುವ ಬೇಡಿಕೆ ಅದೊಂದೇ.