ಹುಡುಗಿಯರಿಗೆ ಸಾಕರ್ ತಂಡ ಇದೆ, ಹುಡುಗರಿಗೆ ಯಾಕಿಲ್ಲ?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅಲ್ಲಿ ಮಹಿಳೆಯರ ಸಾಕರ್ ತಂಡ ಇದೆಯಂತೆ, ಪುರುಷರದು ಇಲ್ಲವಂತೆ. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ಹೀಗೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಂಗಿಯ ಮಗ ಹೇಳಿದ್ದು ನಿಜ. ಫ್ಲೋರಿಡಾದಲ್ಲಿ ಸಾಕರ್ ಆಡಬೇಕೆನ್ನುವ ಹುಡುಗರಿಗೆ ಕ್ಲಬ್ ಮಟ್ಟದ ಆಟ ಮಾತ್ರ ಉಂಟು. ವಿಶ್ವವಿದ್ಯಾಲಯದ ಅಧಿಕೃತ ತಂಡ ಇಲ್ಲ. ಹುಡುಗಿಯರ ತಂಡವಾದರೋ 1995ರಲ್ಲಿ ಶುರುವಾಗಿ, ನಾಲ್ಕನೆಯ ವರ್ಷಕ್ಕೇ ರಾಷ್ಟ್ರೀಯ ಚಾಂಪಿಯನ್ ಆಯಿತು. ಮುಂದೆ ಅಮೆರಿಕದ ಪರ 184 ಗೋಲು ಹೊಡೆದ ಆ್ಯಬಿ ವಾಂಬಾಕ್ 1998ರ ಆ ತಂಡದಲ್ಲಿದ್ದವರು. ಫ್ಲೋರಿಡಾ ಒಂದರ ಕಥೆಯಲ್ಲ ಇದು. ಅದು ಸೇರಿರುವ ಎಸ್‌ಇಸಿ ಎಂಬ ಕ್ರೀಡಾಕೂಟದ 16 ವಿಶ್ವವಿದ್ಯಾಲಯಗಳಲ್ಲೂ ಮಹಿಳಾ ಸಾಕರ್ ಇದೆ. ಪುರುಷರ ತಂಡ ಇರುವುದು ಕೆಂಟಕಿ ಮತ್ತು ಸೌತ್ ಕ್ಯಾರೊಲಿನಾದಲ್ಲಿ ಮಾತ್ರ. ಎರಡೇ ತಂಡಗಳಿಂದ ಪಂದ್ಯಾವಳಿ ನಡೆಯುವುದಿಲ್ಲವಾದ್ದರಿಂದ ಅವೂ ಬೇರೆ ಕೂಟಕ್ಕೆ ಹೋಗಿ ಆಡುತ್ತವೆ.

ಇದರ ಮೂಲ 1972ರ ಒಂದು ಕಾನೂನಿನಲ್ಲಿದೆ. ಟೈಟಲ್ ನೈನ್ ಎಂದು ಅದಕ್ಕೆ ಹೆಸರು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು ಹೆಣ್ಣೆಂದು ಭೇದ ಮಾಡಕೂಡದು ಎನ್ನುವುದು ಅದರ ಸಾರ. ಅದರಲ್ಲಿ ಆಟದ ಮಾತೇ ಇರಲಿಲ್ಲ. ಆದರೆ ಅಮೆರಿಕದಲ್ಲಿ ಆಟವೂ ವಿದ್ಯಾಭ್ಯಾಸದ ಭಾಗವೇ ಆದ್ದರಿಂದ ಮೈದಾನಕ್ಕೂ ಅದು ಅನ್ವಯಿಸಿತು. ವಿಶ್ವವಿದ್ಯಾಲಯ ಕಾನೂನು ಪಾಲಿಸುತ್ತಿದೆಯೇ ಎಂದು ನೋಡಲು 1979ರಲ್ಲಿ ಮೂರು ಒರೆಗಲ್ಲುಗಳನ್ನು ಗೊತ್ತುಮಾಡಿದರು. ಒಂದರಲ್ಲಿ ಪಾಸಾದರೆ ಸಾಕು. ಮೊದಲನೆಯದು ಲೆಕ್ಕದ್ದು: ಓದುವವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿದ್ದರೆ ಆಡುವವರಲ್ಲೂ ಸರಿಸುಮಾರು ಅಷ್ಟೇ ಇರಬೇಕು.

ಇಲ್ಲಿ ಅಡ್ಡ ಬರುವುದು ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡವೊಂದಕ್ಕೇ ಇತ್ತೀಚಿನವರೆಗೆ 85 ಪೂರ್ಣ ಸ್ಕಾಲರ್‌ಶಿಪ್‌ಗಳಿದ್ದವು, ಎಲ್ಲವೂ ಗಂಡುಮಕ್ಕಳಿಗೆ. ಹುಡುಗಿಯರಿಗೆ ಇದಕ್ಕೆ ಸಮನಾದ ಆಟವಿಲ್ಲ. ತಕ್ಕಡಿ ಸರಿತೂಗಲು ಹುಡುಗಿಯರನ್ನು ಹೆಚ್ಚು ಸಂಖ್ಯೆಯಲ್ಲಿ ಸೇರಿಸಿಕೊಳ್ಳುವ, ಖರ್ಚು ಕಡಿಮೆಯ ಆಟ ಬೇಕಾಯಿತು. ಸಾಕರ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹಾಗಾಗಿ ಮಹಿಳಾ ಸಾಕರ್‌ಗೆ 14 ಸ್ಕಾಲರ್‌ಶಿಪ್, ಪುರುಷರ ಸಾಕರ್‌ಗೆ 9.9 ಎಂಬ ಮಿತಿ ಬಂತು. ಇಂದು ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಮೊದಲ ಡಿವಿಷನ್ನಿನಲ್ಲಿ ಮಹಿಳಾ ತಂಡಗಳು 300ಕ್ಕೂ ಹೆಚ್ಚು, ಪುರುಷರವು ಸುಮಾರು 200.

ಕಾನೂನು ಹುಡುಗರ ಆಟ ಕಸಿದುಕೊಂಡಿತು ಎಂದು ದೂರುವವರಿದ್ದಾರೆ. ಪುರುಷರ ತಂಡ ಮುಚ್ಚಿ ಎಂದು ಕಾನೂನು ಎಲ್ಲೂ ಹೇಳಿಲ್ಲ. ಫುಟ್‌ಬಾಲ್ ತಂಡವನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಹುಡುಗರ ಸಾಕರ್‌ಗೂ ಜಾಗ ಸಿಗುತ್ತಿತ್ತು. ಟಿವಿ ಹಣ ತರುವ ಆಟವನ್ನು ಮುಟ್ಟಲು ಆಡಳಿತಗಳಿಗೆ ಮನಸ್ಸಿಲ್ಲ, ಅಷ್ಟೆ.

ಎರಡನ್ನೂ ಚೆನ್ನಾಗಿ ನಡೆಸುವ ಕಡೆಗಳೂ ಇವೆ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯವನ್ನೇ ನೋಡಿ. 1977ರಲ್ಲಿ ಪುರುಷರ ತಂಡದ ಕೋಚ್ ಆಗಿ ಬಂದ ಆ್ಯನ್ಸನ್ ಡೊರಾನ್ಸ್ ಎರಡು ವರ್ಷದ ಬಳಿಕ ಮಹಿಳಾ ತಂಡದ ಹೊಣೆಯನ್ನೂ ಹೊತ್ತರು. 1988ರವರೆಗೆ ಎರಡನ್ನೂ ನಡೆಸಿದರು. ಪುರುಷರ ರಾಷ್ಟ್ರೀಯ ಪಂದ್ಯಾವಳಿ 1959ರಿಂದಲೇ ಇತ್ತು. ಮಹಿಳೆಯರದನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆರಂಭಿಸಿದ್ದು 1982ರಲ್ಲಿ. ಆ ಮೊದಲ ಪ್ರಶಸ್ತಿ ಡೊರಾನ್ಸ್ ಹುಡುಗಿಯರದು. 2024ರ ಹೊತ್ತಿಗೆ ಆ ಮಹಿಳಾ ತಂಡದ ಎನ್‌ಸಿಎಎ ಪ್ರಶಸ್ತಿಗಳು 22ಕ್ಕೆ ಏರಿದವು. ಅದೇ ಕ್ಯಾಂಪಸ್ಸಿನ ಪುರುಷರು ಗೆದ್ದದ್ದು 2001 ಮತ್ತು 2011ರಲ್ಲಿ, ಎರಡು ಬಾರಿ. ಡೊರಾನ್ಸ್ ಅವರೇ ಅಮೆರಿಕದ ಮಹಿಳಾ ತಂಡವನ್ನೂ ತರಬೇತುಗೊಳಿಸಿ, 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ವಿಶ್ವಕಪ್ ಗೆಲ್ಲಿಸಿದರು. ಅಮೆರಿಕದ ಆಟಗಾರ್ತಿಯರಾದ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲಿ ನಾರ್ತ್ ಕ್ಯಾರೊಲಿನಾದ ಇದೇ ಅಂಗಳದಲ್ಲಿ ಬೆಳೆದವರು. ಇಂಗ್ಲೆಂಡಿನ ಲೂಸಿ ಬ್ರಾಂಜ್ ಕೂಡ ಒಂದು ಋತು ಇಲ್ಲಿ ಆಡಿ, 2009ರ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಅಮೆರಿಕದ ಮಹಿಳೆಯರು ನಾಲ್ಕು ವಿಶ್ವಕಪ್ ಗೆದ್ದಿದ್ದಾರೆ, ಪುರುಷರು ಒಂದನ್ನೂ ಗೆದ್ದಿಲ್ಲ. ಬೇರೆ ದೇಶಗಳು ಹುಡುಗಿಯರಿಗೆ ಮೈದಾನವನ್ನೇ ಬಿಟ್ಟುಕೊಡದಿದ್ದ ಕಾಲದಲ್ಲಿ ಅಮೆರಿಕದ ಹುಡುಗಿಗೆ ಕಾಲೇಜಿನಲ್ಲಿ ಕೋಚ್, ಮೈದಾನ, ಓದಿನ ಖರ್ಚು ಎಲ್ಲವೂ ಸಿಗುತ್ತಿತ್ತು. ಪ್ರತಿಭಾವಂತ ಹುಡುಗರಿಗೆ ಈಗ ವೃತ್ತಿಪರ ಕ್ಲಬ್ಬುಗಳ ಅಕಾಡೆಮಿಗಳಿವೆ. ಅನೇಕರು ಕಾಲೇಜಿನ ಹಾದಿಯನ್ನೇ ತುಳಿಯುವುದಿಲ್ಲ.

ನಿಯಮಗಳು ಮತ್ತೆ ಬದಲಾಗಿವೆ. ನ್ಯಾಯಾಲಯದಲ್ಲಿ ಆದ ಒಪ್ಪಂದದಂತೆ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ 2025ರಿಂದ ಸ್ಕಾಲರ್‌ಶಿಪ್ ಮಿತಿ ಹೋಗಿ ಆಟಗಾರರ ಸಂಖ್ಯೆಯ ಮಿತಿ ಬಂದಿದೆ: ಸಾಕರ್‌ಗೆ ಪುರುಷರು 28, ಮಹಿಳೆಯರು 28. ಕಾಗದದ ಮೇಲೆ ಸಮ. ಆದರೆ ಇಲ್ಲದ ತಂಡಕ್ಕೆ ಮಿತಿ ಎಷ್ಟಿದ್ದರೇನು?

ನಿಮ್ಮ ಬಳಗದಲ್ಲಿ ಯಾರಾದರೂ ಸಾಕರ್ ನೆಚ್ಚಿಕೊಂಡು ಅಮೆರಿಕಕ್ಕೆ ಹೊರಟಿದ್ದರೆ ಮೊದಲು ಮೂರು ಸಂಗತಿ ಕೇಳಿಕೊಳ್ಳಲಿ: ಆ ವಿಶ್ವವಿದ್ಯಾಲಯದಲ್ಲಿ ತಮಗೆ ತಂಡ ಇದೆಯೇ, ಅದು ಯಾವ ಡಿವಿಷನ್ನಿನದು, ಸಿಗುವ ಸ್ಕಾಲರ್‌ಶಿಪ್ ಪೂರ್ಣವೋ ಭಾಗಶಃವೋ. ಮೂರನೆಯ ಡಿವಿಷನ್ನಿನಲ್ಲಿ ಆಟದ ಹೆಸರಿನಲ್ಲಿ ಒಂದು ಡಾಲರೂ ಕೊಡುವುದಿಲ್ಲ.