ಏಳು ಗಂಟೆಯಲ್ಲ ದೊಡ್ಡಮ್ಮ, ನಾಲ್ಕೂವರೆ

ಮೈಸೂರಿನ ನಮ್ಮ ದೊಡ್ಡಮ್ಮ ಮೊದಲ ಸಲ ಮಗಳ ಮನೆಗೆಂದು ಸಿಂಗಪುರಕ್ಕೆ ಹೊರಟಿದ್ದರು. ಟಿಕೆಟ್ ನೋಡಿ ಗಾಬರಿಯಾದರು. ಬೆಂಗಳೂರು ಬಿಡುವುದು ರಾತ್ರಿ 11ಕ್ಕೆ, ಅಲ್ಲಿ ಇಳಿಯುವುದು ಬೆಳಗ್ಗೆ 6ಕ್ಕೆ. “ಏಳು ಗಂಟೆ ಹೊತ್ತು ಕೂತಲ್ಲೇ ಕೂತಿರ್ಬೇಕೇನೋ?” ಮಂಡಿನೋವಿನವರು, ಕೇಳಿದ್ದರಲ್ಲಿ ತಪ್ಪಿಲ್ಲ. ಅವರೆದುರು ಕೂತು ಹಾಕಿದ ಲೆಕ್ಕ ಇದು.

ಹಂತ 1: ದಾರ ಹಿಡಿಯಿರಿ
ಗೋಡೆಯ ನಕ್ಷೆ ಬೇಡ. ಉಂಡೆಯನ್ನು ಚಪ್ಪಟೆ ಮಾಡಿದ್ದರಿಂದ ಅದರಲ್ಲಿ ದೂರಗಳು ಹಿಗ್ಗಿ ಕುಗ್ಗಿರುತ್ತವೆ. ಮಕ್ಕಳ ಗ್ಲೋಬ್ ತನ್ನಿ. ಎರಡೂ ಊರುಗಳ ನಡುವೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು, ಉಗುರಿನಿಂದ ಗುರುತು ಹಿಡಿದು ಸ್ಕೇಲಿನ ಮೇಲಿಡಿ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನಲ್ಲಿ 1 ಸೆಂ.ಮೀ. ಎಂದರೆ ಹೆಚ್ಚುಕಮ್ಮಿ 425 ಕಿ.ಮೀ. ನಮ್ಮ ದಾರ ಏಳೂವರೆ ಸೆಂ.ಮೀ. ಬಂತು. ಅಂದರೆ 3,190 ಕಿ.ಮೀ.

ಹಂತ 2: ತಾಳೆ ನೋಡಿ
ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿ. ಸಿಂಗಪುರದ ಚಾಂಗಿ 1.4 ಉತ್ತರ, 104 ಪೂರ್ವದಲ್ಲಿ. ಕಳೆದರೆ 11.8 ಮತ್ತು 26.3. ಒಂದು ಡಿಗ್ರಿಗೆ ಹೆಚ್ಚುಕಮ್ಮಿ 111 ಕಿ.ಮೀ., ಹಾಗಾಗಿ ಎರಡನ್ನೂ 111ರಿಂದ ಗುಣಿಸಿ: 1,310 ಮತ್ತು 2,919 ಕಿ.ಮೀ. ಇನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಹಚ್ಚಿದರೆ ವಿಕರ್ಣ 3,200. ನಿಜವಾದ ನೇರ ದೂರ 3,180ರ ಆಸುಪಾಸು, ಪರವಾಗಿಲ್ಲ. ಎರಡೂ ಊರು ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಈ ಒರಟು ಲೆಕ್ಕ ನಡೆಯಿತು. ದಿಲ್ಲಿ–ಟೋಕಿಯೊಗೆ ಇದನ್ನೇ ಹಾಕಿದರೆ ಕೆಟ್ಟಿರಿ. ಟೋಕಿಯೊ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ 90 ಕಿ.ಮೀ.ಗೆ ಕುಗ್ಗಿರುತ್ತದೆ. ಅಲ್ಲಿ ದಾರವೇ ವಾಸಿ.

ಹಂತ 3: ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ
ಗಂಟೆಗೆ 850 ಕಿ.ಮೀ. ಎಂದು ಹಿಡಿದರೆ ಮೂರೂಮುಕ್ಕಾಲು ಗಂಟೆ. ನೆಲದ ಮೇಲೆ ಉರುಳುವುದು, ಏರುವುದು, ಇಳಿಯುವುದಕ್ಕೆಲ್ಲ ಸೇರಿ ಇನ್ನೊಂದು ಮುಕ್ಕಾಲು. ಒಟ್ಟು ನಾಲ್ಕೂವರೆ.

ಹಂತ 4: ಗಡಿಯಾರ ತಿರುಗಿಸಿ
ಎಲ್ಲರೂ ಎಡವುವುದು ಇಲ್ಲೇ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ನಮ್ಮದು, ತಲುಪುವ ಹೊತ್ತು ಅವರದು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. 11ಕ್ಕೆ ನಾಲ್ಕೂವರೆ ಕೂಡಿದರೆ ನಮ್ಮ ಬೆಳಗಿನ ಜಾವ 3:30, ಅವರ 6 ಗಂಟೆ. ಬರುವಾಗ ಉಲ್ಟಾ: ಅಲ್ಲಿ ರಾತ್ರಿ 8ಕ್ಕೆ ಹೊರಟು ಇಲ್ಲಿ 10:15ಕ್ಕೆ ಇಳಿದರೆ ಎರಡೂಕಾಲು ಗಂಟೆಯಲ್ಲಿ ಹಾರಿ ಬಂದಂತೆ ಕಾಣುತ್ತದೆ. ನಿಜಕ್ಕೂ ಕೂತದ್ದು ನಾಲ್ಕೂಮುಕ್ಕಾಲು.

ಇನ್ನೊಂದು ತಮಾಷೆ. ಸೂರ್ಯನನ್ನು ಕೇಳಿದರೆ ಸಿಂಗಪುರದ ಗಡಿಯಾರ ಅಷ್ಟು ಮುಂದಿರಬಾರದು. ಮಲೇಷ್ಯಾದ ಜೊತೆ ಹೊಂದಿಕೊಳ್ಳಲು 1982ರ ಹೊಸವರ್ಷಕ್ಕೆ ಅರ್ಧ ಗಂಟೆ ಮುಂದೆ ತಳ್ಳಿಕೊಂಡರು. ಅದಕ್ಕೇ ಅಲ್ಲಿ ವರ್ಷವಿಡೀ ಬೆಳಗಾಗುವುದು ಏಳರ ಸುಮಾರಿಗೆ. ಆರಕ್ಕೆ ಇಳಿದವರಿಗೆ ಇನ್ನೂ ಕತ್ತಲೆ.

ಹಂತ 5: ಮನೆ ಬಾಗಿಲಿನಿಂದ ಎಣಿಸಿ
ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು, ಅಂದರೆ ರಾತ್ರಿ 8ಕ್ಕೆ. ಮೈಸೂರಿನಿಂದ ನೇರ ಅಲ್ಲಿಗೇ ಹೋಗುವ ಫ್ಲೈಬಸ್ಸಿಗೆ ನಾಲ್ಕು ಗಂಟೆಗೂ ಮೇಲೆ ಬೇಕು. ಮಧ್ಯಾಹ್ನ ಮೂರರೊಳಗೆ ಹತ್ತಿಬಿಡಿ.

“ಅಂದ್ರೆ ಸಿಂಗಪುರಕ್ಕೆ ಎಷ್ಟೋ ದೇವನಹಳ್ಳಿಗೂ ಅಷ್ಟೇ!” ಎಂದ ದೊಡ್ಡಮ್ಮ, ಮೊಸರನ್ನದ ಡಬ್ಬಿಯನ್ನು ಬಸ್ಸಿಗೆಂದು ಬೇರೆ ಎತ್ತಿಟ್ಟರು.